ಬಲಹೀನರ ಬಲ: ಪೌಲನಿಂದ ಎಂಡೋವರೆಗೆ

ಕ್ರೈಸ್ತ ಸಾಹಿತ್ಯವನ್ನು ಹೊರಗಿನಿಂದ ಓದುವ ನನ್ನಂಥವನಿಗೆ ಬಹುಕಾಲ ತೊಡಕಾಗಿಯೇ ಉಳಿದ ವಿಚಾರವೊಂದುಂಟು. ಮನುಷ್ಯನ ಬಲಹೀನತೆಯೇ ದೇವರ ಬಲಕ್ಕೆ ಹೇಳಿ ಮಾಡಿಸಿದ ತಾಣ ಎಂಬುದು ಆ ವಿಚಾರ. ಬಲ್ಲಿದನಾದ ದೇವರು ದುರ್ಬಲನನ್ನು ಕಾಯುತ್ತಾನೆಂದರೆ ನಮಗೆ ಥಟ್ಟನೆ ತಿಳಿಯುತ್ತದೆ. ಗಜೇಂದ್ರಮೋಕ್ಷದ ಕಥೆ ಕೇಳಿ ಬೆಳೆದವರು ನಾವು. ಆನೆ ಸೆಣಸಿ ಸೋತಿತು, ಸೊಂಡಿಲೆತ್ತಿ ಕೂಗಿತು. ಹರಿ ಬಂದ, ಚಕ್ರ ಬಂತು, ಮೊಸಳೆಯ ಬಾಯಿ ಬಿಚ್ಚಿತು. ಆದರೆ ಇಲ್ಲಿ ಹೇಳುತ್ತಿರುವುದು ಬೇರೆ ಸಂಗತಿ. ಇಲ್ಲಿ ಕೂಗು ಕೇಳಿದ ಮೇಲೂ ಮೊಸಳೆ ಕಾಲು ಬಿಡುವುದಿಲ್ಲ. ಕಾಲು ಅದರ ಬಾಯಲ್ಲೇ ಇರಲಿ, ನಾನು ಅಲ್ಲಿಯೇ ನಿನ್ನೊಡನೆ ಇದ್ದೇನೆ ಎಂಬ ಉತ್ತರ ಬರುತ್ತದೆ. ಇದು ಸಾಂತ್ವನವೋ ಕ್ರೌರ್ಯವೋ ಎಂದು ಓದುಗ ಕೇಳಿದರೆ ತಪ್ಪೇನೂ ಇಲ್ಲ. ಈ ಪ್ರಶ್ನೆಯನ್ನು ಬದಿಗೆ ಸರಿಸದೆ ಎದುರಿಸಿದ ಎರಡು ಕಾದಂಬರಿಗಳ ವಿಚಾರವನ್ನು ಇಲ್ಲಿ ಬರೆಯಬೇಕೆಂದಿದ್ದೇನೆ. ಅದಕ್ಕೆ ಮುಂಚೆ ಮೂಲದ ಮಾತು.

ಮೂಲವೆಂದರೆ ಪೌಲನು ಕೊರಿಂಥದ ಕ್ರೈಸ್ತ ಸಭೆಗೆ ಬರೆದ ಎರಡನೆಯ ಪತ್ರ. ಕ್ರಿ.ಶ. 55–56ರ ಸುಮಾರಿನದು, ಗ್ರೀಕ್ ಭಾಷೆಯದು. ಧರ್ಮಗ್ರಂಥವೆಂದು ಕೈಮುಗಿದು ದೂರ ನಿಲ್ಲದೆ, ಮನನೊಂದು ಮುನಿದ ಮನುಷ್ಯನೊಬ್ಬನ ಕಾಗದವೆಂದು ಇದನ್ನು ಓದಿ ನೋಡಬೇಕು. ಕೊರಿಂಥವನ್ನು ರೋಮನರು ಒಮ್ಮೆ ನೆಲಸಮ ಮಾಡಿದ್ದರು; ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಅದನ್ನು ಮರಳಿ ನೆಲೆಗೊಳಿಸಿದ. ಎರಡು ಕಡಲುಗಳ ನಡುವಿನ ವ್ಯಾಪಾರದಿಂದ ಬೇಗ ಹಣ ಕಂಡ ಪಟ್ಟಣ. ಹೊಸ ಹಣವಿದ್ದಲ್ಲಿ ವಾಗ್ಮಿಗಳಿಗೆ ಬರವಿಲ್ಲ. ಪೌಲನು ಊರು ಬಿಟ್ಟ ಬೆನ್ನಿಗೇ ಬೇರೆ ಬೋಧಕರು ಬಂದರು. ಚೆನ್ನಾಗಿ ಮಾತನಾಡಬಲ್ಲವರು, ತಮ್ಮ ಕುಲಗೋತ್ರವನ್ನೂ ದರ್ಶನಗಳನ್ನೂ ಹೇಳಿಕೊಳ್ಳಬಲ್ಲವರು. ಪೌಲನ ಕಾಗದವೇನೋ ಗಟ್ಟಿ, ಎದುರು ನಿಂತರೆ ಆಳು ಸಪ್ಪೆ ಎಂದು ಊರು ಆಡಿಕೊಂಡಿತು.

ಇದಕ್ಕೆ ಅವನು ಕೊಟ್ಟ ಉತ್ತರ ಪ್ರಾಚೀನ ಗದ್ಯದಲ್ಲಿ ನನಗೆ ತಿಳಿದಮಟ್ಟಿಗೆ ಅಪೂರ್ವವಾದದ್ದು. ಕೊಚ್ಚಿಕೊಳ್ಳುವುದೇ ನಿಮಗೆ ಬೇಕಾದರೆ ನಾನೂ ಹುಚ್ಚನಾಗಿ ಕೊಚ್ಚಿಕೊಳ್ಳುತ್ತೇನೆಂದು ವೇಷ ಕಟ್ಟುತ್ತಾನೆ. ಆಮೇಲೆ ಪಟ್ಟಿ ಹಾಕುತ್ತಾನೆ. ರೋಮನ್ ದಳಪತಿಗಳು ಗೆದ್ದ ನಾಡುಗಳ ಪಟ್ಟಿಯನ್ನು ಕಲ್ಲಿನಲ್ಲಿ ಕೊರೆಸುತ್ತಿದ್ದ ಕಾಲ ಅದು. ಇವನದು ತಿಂದ ಏಟುಗಳ ಪಟ್ಟಿ. ಒಂದು ಕಡಮೆ ನಲವತ್ತರಂತೆ ಐದು ಸಲ ಚಾಟಿಯೇಟು, ಮೂರು ಸಲ ಕೋಲಿನೇಟು, ಒಮ್ಮೆ ಕಲ್ಲೆಸೆತ, ಮೂರು ಸಲ ಹಡಗು ಒಡೆದದ್ದು, ಒಂದು ಹಗಲೂ ರಾತ್ರಿಯೂ ಕಡಲಿನ ಪಾಲಾಗಿ ಇದ್ದದ್ದು. ಕೊನೆಯಲ್ಲಿ, ಎಲ್ಲಕ್ಕಿಂತ ದೊಡ್ಡ ಸಾಹಸವೆಂಬಂತೆ, ದಮಸ್ಕ ಪಟ್ಟಣದಲ್ಲಿ ತನ್ನನ್ನು ಹಿಡಿಯಲು ಕಾವಲಿದ್ದಾಗ ಗೋಡೆಯ ಕಿಟಕಿಯಿಂದ ಬುಟ್ಟಿಯಲ್ಲಿ ಕೆಳಗಿಳಿದು ಪಾರಾದ ಪ್ರಸಂಗ! ಮುತ್ತಿಗೆಯಲ್ಲಿ ಶತ್ರುವಿನ ಕೋಟೆಯನ್ನು ಮೊದಲು ಏರಿದ ಯೋಧನಿಗೆ ಚಿನ್ನದ ಕಿರೀಟ ತೊಡಿಸುವುದು ರೋಮನರ ಪದ್ಧತಿ. ಪೌಲನು ಗೋಡೆ ಇಳಿದದ್ದಕ್ಕೆ ಕಿರೀಟ ಬೇಡುತ್ತಾನೆ. ಕೊರಿಂಥದ ಓದುಗರು ನಕ್ಕಿರಬೇಕು. ನಮ್ಮ ವ್ಯಾಖ್ಯಾನಕಾರರು ನಗದಿರುವುದೇ ಸೋಜಿಗ.

ಈ ನಗೆಯ ಬೆನ್ನಿಗೇ ಮುಳ್ಳಿನ ಮಾತು ಬರುತ್ತದೆ. ತನ್ನ ಮೈಯಲ್ಲಿ ನೆಟ್ಟ ಮುಳ್ಳೊಂದನ್ನು ತೆಗೆಯಬೇಕೆಂದು ಮೂರು ಸಲ ಮೊರೆಯಿಟ್ಟೆ, ತೆಗೆಯಲಿಲ್ಲ ಎನ್ನುತ್ತಾನೆ. ಆ ಮುಳ್ಳು ಯಾವುದೆಂದು ವಿದ್ವಾಂಸರು ಹತ್ತೊಂಬತ್ತು ಶತಮಾನ ಜಗಳವಾಡಿದ್ದಾರೆ. ಕಣ್ಣುಬೇನೆ, ಮಲೇರಿಯಾ, ಮೂರ್ಛೆರೋಗ, ಹಗೆಗಳ ಕಾಟ, ಎಲ್ಲಕ್ಕೂ ವಕೀಲರಿದ್ದಾರೆ. ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಅವನು ಅದನ್ನು ಹೇಳದೆ ಬಿಟ್ಟದ್ದೇ ಮುಖ್ಯ. ಹೇಳಿದ್ದರೆ ಅದು ಅವನೊಬ್ಬನ ಮುಳ್ಳಾಗಿ ಉಳಿಯುತ್ತಿತ್ತು. ಇನ್ನೊಂದು ಪದದ ಕಡೆಗೂ ಗಮನ ಹರಿಯಬೇಕು. ದೇವರ ಬಲ ತನ್ನ ಮೇಲೆ ನೆಲಸುವುದೆನ್ನಲು ಅವನು ಬಳಸಿರುವ ಗ್ರೀಕ್ ಕ್ರಿಯಾಪದದ ಧಾತುವಿನಲ್ಲಿ ಡೇರೆ ಹಾಕುವ ಅರ್ಥವಿದೆ. ಪೌಲನ ಕಸುಬು ಡೇರೆ ಹೊಲಿಯುವುದು. ಕೊರಿಂಥದಲ್ಲಿದ್ದಾಗ ಅವನು ಹೊಟ್ಟೆ ಹೊರೆದದ್ದು ಅದರಿಂದಲೇ. ಅರಮನೆಯ ಅಥವಾ ಕೋಟೆಯ ಉಪಮೆ ಅವನಿಗೆ ಹೊಳೆಯಲಿಲ್ಲ. ಬಡವನ ಮೇಲೆ, ದಾರಿಹೋಕನ ಮೇಲೆ, ಒಂದು ಇರುಳಿನ ಮಟ್ಟಿಗೆ ಕಟ್ಟುವ ಬಟ್ಟೆಯ ಸೂರು, ಅಷ್ಟೆ. ಬಲವೆಂದರೆ ಮುಳ್ಳು ಹೋಗುವುದೆಂಬ ಎಣಿಕೆ ಈ ಉಪಮೆಯಲ್ಲಿ ಇಲ್ಲವೇ ಇಲ್ಲ.

ನಮ್ಮ ಕಾವ್ಯಪರಂಪರೆಯಲ್ಲಿ ಸೋಲಿಗೆ ಗೌರವವಿಲ್ಲವೆಂದಲ್ಲ. ಪಂಪನ ಕರ್ಣ, ರನ್ನನ ದುರ್ಯೋಧನ ಸೋಲಿನಲ್ಲೇ ದೊಡ್ಡವರಾಗುತ್ತಾರೆ. ‘ಗದಾಯುದ್ಧ’ದ ಕೌರವನಲ್ಲಿ ದುರಂತನಾಯಕನನ್ನು ಕಂಡು ಬಿ.ಎಂ.ಶ್ರೀಯವರು ಅದನ್ನು ನಾಟಕವಾಗಿಸಿದ್ದು ಸುಮ್ಮನೆ ಅಲ್ಲ. ಆದರೆ ಆ ದೊಡ್ಡಸ್ತಿಕೆಯ ಗುಟ್ಟೇನು? ತೊಡೆ ಮುರಿಯಿತು, ಛಲ ಮುರಿಯಲಿಲ್ಲ. ಗೋವಿಂದ ಪೈಗಳು ಯೇಸುವಿನ ಕೊನೆಯ ದಿನವನ್ನು ಕುರಿತು ಬರೆದ ‘ಗೊಲ್ಗೊಥಾ’ವನ್ನು (1937) ನಾವು ಮೆಚ್ಚಿದ್ದೂ ಬಹುಮಟ್ಟಿಗೆ ಈ ಕಣ್ಣಿನಿಂದಲೇ ಎಂದು ನನ್ನ ಅನುಮಾನ: ಮಹಾನುಭಾವನೊಬ್ಬ ಅನ್ಯಾಯವನ್ನು ತಾಳ್ಮೆಯಿಂದ ಸಹಿಸಿದ. ಬಾಗದವನ ಸೋಲು ನಮಗೆ ಗೊತ್ತು. ಬಾಗಿದವನ ಗತಿಯೇನು? ಛಲವೇ ಮುರಿದವನ ಒಳಗೆ ಉಳಿಯುವುದೇನಾದರೂ ಉಂಟೆ? ವೀರರಸವೂ ಕರುಣರಸವೂ ಕೈಬಿಟ್ಟ ಈ ಜಾಗದಲ್ಲೇ ನಾನು ಹೇಳಹೊರಟ ಕಾದಂಬರಿಗಳು ತೊಡಗುತ್ತವೆ.

ಮೊದಲನೆಯದು ಗ್ರಹಾಂ ಗ್ರೀನನ ‘ದಿ ಪವರ್ ಅಂಡ್ ದಿ ಗ್ಲೋರಿ’ (1940). ಮೆಕ್ಸಿಕೋದ ತಬಾಸ್ಕೋ ಪ್ರಾಂತದಲ್ಲಿ ಗಾರಿದೋ ಕನಬಾಲ್ ಎಂಬ ರಾಜ್ಯಪಾಲನ ಆಳ್ವಿಕೆಯಲ್ಲಿ ಇಗರ್ಜಿಗಳನ್ನು ಮುಚ್ಚಿದ್ದರು, ಪಾದ್ರಿಗಳು ಮದುವೆಯಾಗಬೇಕೆಂದು ಕಟ್ಟಳೆ ಮಾಡಿದ್ದರು. ಗ್ರೀನ್ 1938ರಲ್ಲಿ ಆ ನಾಡಿನಲ್ಲಿ ಅಲೆದುಬಂದು ಇದನ್ನು ಬರೆದ. ಹೆಸರಿಲ್ಲದ ಪಾದ್ರಿಯೊಬ್ಬ ಪೊಲೀಸರಿಗೆ ಸಿಕ್ಕದೆ ಊರೂರು ತಿರುಗುತ್ತಾನೆ. ಕುಡುಕ, ಹಳ್ಳಿಯೊಂದರಲ್ಲಿ ಅವನಿಗೊಬ್ಬ ಮಗಳಿದ್ದಾಳೆ, ಹೇಡಿಯೆಂದು ತನ್ನನ್ನು ತಾನೇ ಬಲ್ಲವನು. ಬಲಿಪೂಜೆಗೆ ಬೇಕಾದ ದ್ರಾಕ್ಷಾರಸವನ್ನು ಕಳ್ಳತನದಲ್ಲಿ ಕೊಳ್ಳಲು ಕೈಯಲ್ಲಿದ್ದ ಹಣವನ್ನೆಲ್ಲ ಸುರಿಯುತ್ತಾನೆ. ಮಾರಿದವನೂ ಅವನ ಗೆಳೆಯ ಅಧಿಕಾರಿಯೂ ಉಪಚಾರದ ನೆಪದಲ್ಲಿ ಅವನ ಕಣ್ಣೆದುರಿಗೇ ಅದನ್ನೆಲ್ಲ ಕುಡಿದು ಮುಗಿಸುತ್ತಾರೆ. ಬೇಡವೆನ್ನುವಂತಿಲ್ಲ, ಎಂದರೆ ಗುಟ್ಟು ಹೊರಬೀಳುತ್ತದೆ. ಅವನು ಅಳುತ್ತ ಕುಳಿತಿರುವುದನ್ನು ಕಂಡು ಅವರು ಕುಡುಕನ ಅಳುವೆಂದು ತಿಳಿಯುತ್ತಾರೆ. ಹಾಸ್ಯವೂ ದುಃಖವೂ ಒಂದೇ ಲೋಟದಲ್ಲಿ ಬೆರೆತ ಇಂಥ ದೃಶ್ಯವನ್ನು ಬರೆದವರು ವಿರಳ.

ಅದೇ ರಾತ್ರಿ ಅವನು ಸೆರೆಮನೆಯ ಕತ್ತಲ ಕೋಣೆಗೆ ಬೀಳುತ್ತಾನೆ. ಜನ ಒಬ್ಬರ ಮೇಲೊಬ್ಬರು ಒತ್ತರಿಸಿಕೊಂಡು ಕುಳಿತ ಆ ದುರ್ನಾತದ ಕೋಣೆಯಲ್ಲಿ, ತನ್ನ ತಲೆಗೆ ಬೆಲೆ ಕಟ್ಟಿದೆಯೆಂದು ಗೊತ್ತಿದ್ದೂ, ತಾನು ಪಾದ್ರಿಯೆಂದು ಹೇಳಿಬಿಡುತ್ತಾನೆ. ಅಲ್ಲಿದ್ದ ಕಳ್ಳಕಾಕರಲ್ಲಿ ಒಬ್ಬರೂ ಅವನನ್ನು ಹಿಡಿದುಕೊಡುವುದಿಲ್ಲ. ಗೌರವಾನ್ವಿತ ಪಾದ್ರಿಯಾಗಿದ್ದ ಕಾಲದಲ್ಲಿ ಜನರನ್ನು ಅವನು ಪ್ರೀತಿಸಿರಲಿಲ್ಲ; ಅವರಷ್ಟೇ ಕೆಟ್ಟವನಾದ ಮೇಲೆ ಅದು ಸಾಧ್ಯವಾಯಿತು. ಗ್ರೀನನ ವಾದದ ತಿರುಳು ಇದೇ.

ಇಷ್ಟೇ ಆಗಿದ್ದರೆ ಇದು ಪಾಪಕ್ಕೆ ಬರೆದ ಪ್ರಶಸ್ತಿಯಾಗುತ್ತಿತ್ತು. ಅದನ್ನು ತಪ್ಪಿಸಿರುವುದು ಸಣ್ಣ ಪಾತ್ರವೊಂದು: ಫಾದರ್ ಹೋಸೆ. ಇವನೂ ಪಾದ್ರಿಯೇ, ಪ್ರಾಣಭಯದಿಂದ ಕಟ್ಟಳೆಗೆ ತಲೆಬಾಗಿ ಮದುವೆಯಾದವನು, ಬೀದಿಯ ಮಕ್ಕಳಿಗೆ ನಗೆಪಾಟಲು. ಮಗುವನ್ನು ಹೂಳಲು ಬಂದವರು ಒಂದು ಪ್ರಾರ್ಥನೆ ಹೇಳೆಂದು ಅಂಗಲಾಚಿದರೆ ಅಂಜಿ ಒಲ್ಲೆನೆನ್ನುತ್ತಾನೆ. ಕಡೆಯಲ್ಲಿ, ಮರುದಿನ ಸಾಯಲಿರುವ ಕುಡುಕ ಪಾದ್ರಿಯ ಪಾಪನಿವೇದನೆ ಕೇಳಲು ಕರೆಬಂದಾಗಲೂ ಬರುವುದಿಲ್ಲ. ಇಬ್ಬರೂ ಬಲಹೀನರೇ. ಹೋಸೆಗೂ ತನ್ನ ಬಲಹೀನತೆ ಚೆನ್ನಾಗಿ ಗೊತ್ತು, ಬಹುಶಃ ಮತ್ತೊಬ್ಬನಿಗಿಂತ ಚೆನ್ನಾಗಿಯೇ. ಹಾಗಿದ್ದೂ ಅವನ ಮೇಲೆ ಡೇರೆ ಏಳಲಿಲ್ಲ. ಏಕೆ? ಗ್ರೀನ್ ಉತ್ತರ ಹೇಳುವುದಿಲ್ಲ, ಕಥೆ ತೋರಿಸುತ್ತದೆ: ಒಬ್ಬ ತನ್ನ ಬಲಹೀನತೆಯನ್ನು ಹೊತ್ತುಕೊಂಡೇ ಕರೆದಲ್ಲಿಗೆ ಹೋದ, ಇನ್ನೊಬ್ಬ ಅದನ್ನೇ ಹೋಗದಿರಲು ಕಾರಣ ಮಾಡಿಕೊಂಡ. ಗಡಿ ದಾಟಿ ಪಾರಾಗಿದ್ದ ಕುಡುಕ ಪಾದ್ರಿ, ಸಾಯುತ್ತಿರುವ ಕೊಲೆಗಡುಕನೊಬ್ಬ ಕರೆಯುತ್ತಿದ್ದಾನೆಂಬ ಸುದ್ದಿ ಬಲೆಯೆಂದು ತಿಳಿದೂ ಹಿಂದಿರುಗುತ್ತಾನೆ. ಅವನ ಸಾವನ್ನು ಕೂಡ ಗ್ರೀನ್ ವೀರಮರಣವಾಗಿ ಬರೆದಿಲ್ಲ. ದಂತವೈದ್ಯನೊಬ್ಬ ಪೊಲೀಸ್ ಅಧಿಕಾರಿಯ ಹಲ್ಲು ಕೊರೆಯುತ್ತ ಕಿಟಕಿಯಿಂದ ನೋಡುತ್ತಾನೆ. ಕಾಲಲ್ಲಿ ತ್ರಾಣವಿಲ್ಲದ ಪುಟ್ಟ ಮನುಷ್ಯನೊಬ್ಬನನ್ನು ಗೋಡೆಯ ಬಳಿಗೆ ಎಳೆತರುತ್ತಾರೆ, ಗುಂಡು ಹಾರುತ್ತದೆ, ಮುಗಿಯಿತು.

ರೋಮಿನ ಧರ್ಮಾಧಿಕಾರಿಗಳು 1953ರಲ್ಲಿ ಈ ಪುಸ್ತಕಕ್ಕೆ ಆಕ್ಷೇಪ ಎತ್ತಿದರು. 1965ರಲ್ಲಿ ಗ್ರೀನ್ ಆರನೆಯ ಪಾಲ್ ಪೋಪರನ್ನು ಕಂಡಾಗ ಅವರು ತಾವೇ ಅದನ್ನು ಓದಿರುವುದಾಗಿ ಹೇಳಿದರಂತೆ. ಅದಕ್ಕಿಂತ ನಾಟುವ ಆಕ್ಷೇಪ ಹೊರಗಿನವನಾದ ಜಾರ್ಜ್ ಆರ್ವೆಲ್‌ನದು. ಗ್ರೀನನ ಮುಂದಿನ ಕಾದಂಬರಿಯೊಂದನ್ನು 1948ರಲ್ಲಿ ವಿಮರ್ಶಿಸುತ್ತ, ಪಾಪಿಗೆ ಪುಣ್ಯವಂತನಿಗಿಲ್ಲದ ಒಂದು ಅಂತಸ್ತು ಇದೆಯೆಂಬ ಭಾವನೆ ಇವನಲ್ಲಿ ಇಣುಕುತ್ತದೆಂದು ಅವನು ಹಾಸ್ಯ ಮಾಡಿದ. ಮಾತು ನಿಜ. ಈ ಕಾದಂಬರಿಯಲ್ಲೂ ಅದರ ನೆರಳಿದೆ; ಸಂಪ್ರದಾಯಸ್ಥ ಭಕ್ತೆಯೊಬ್ಬಳನ್ನು ಸೆರೆಮನೆಯಲ್ಲಿ ಚಿತ್ರಿಸುವಾಗ ಗ್ರೀನನಿಗೆ ನ್ಯಾಯಬುದ್ಧಿ ತಪ್ಪುತ್ತದೆ. ಸಾಧುಜೀವಿಗಳೂ ದೇವರ ಮಕ್ಕಳೇ ಎಂಬುದನ್ನು ಪಾಪಿಗಳ ಕವಿಗಳು ಮರೆಯುವುದುಂಟು.

ಎರಡನೆಯದಾದ ಜಪಾನಿನ ಶುಸಾಕು ಎಂಡೋವಿನ ‘ಮೌನ’ (1966) ಇನ್ನೂ ಆಳಕ್ಕಿಳಿದ ಕೃತಿ. ಎಂಡೋ (1923–1996) ತಾಯಿಯ ಇಚ್ಛೆಯಂತೆ ಬಾಲ್ಯದಲ್ಲೇ ದೀಕ್ಷಾಸ್ನಾನ ಪಡೆದವನು. ಆ ಮತ ತನಗೆ ತಾಯಿ ತೊಡಿಸಿದ, ಮೈಗೊಪ್ಪದ ಪಾಶ್ಚಾತ್ಯ ಉಡುಪಿನಂತಿತ್ತೆಂದು ಅವನೇ ಹೇಳಿಕೊಂಡಿದ್ದಾನೆ. ಕಳಚಿ ಎಸೆಯಲೂ ಆಗಲಿಲ್ಲ, ಹಾಗೆಯೇ ತೊಡಲೂ ಆಗಲಿಲ್ಲ. ಶ್ವಾಸಕೋಶದ ಬೇನೆಗಾಗಿ 1960ರ ದಶಕದ ಮೊದಲಲ್ಲಿ ಆಸ್ಪತ್ರೆಯಲ್ಲಿ ಬಹುಕಾಲ ಮಲಗಿ, ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಎದ್ದ ಮೇಲೆ ಬರೆದದ್ದು ಈ ಕಾದಂಬರಿ. ಇದರ ಬೀಜ ನಾಗಸಾಕಿಯಲ್ಲಿ ಕಂಡ ‘ಫುಮಿಯೆ’. ಜಪಾನಿನಲ್ಲಿ 1614ರಲ್ಲಿ ಕ್ರೈಸ್ತಮತ ನಿಷಿದ್ಧವಾಯಿತು. ಗುಪ್ತವಾಗಿ ಉಳಿದವರನ್ನು ಪತ್ತೆಹಚ್ಚಲು ಯೇಸುವಿನ ಅಥವಾ ಮರಿಯಳ ಮೂರ್ತಿ ಕೆತ್ತಿದ ಫಲಕವನ್ನು ನೆಲದಲ್ಲಿಟ್ಟು ತುಳಿಯಹೇಳುತ್ತಿದ್ದರು. ತುಳಿದವನು ಬದುಕಿದ. ಎಂಡೋ ಕಂಡ ಫಲಕದಲ್ಲಿ ಕಾಲ್ಬೆರಳುಗಳ ಕಪ್ಪು ಗುರುತು ಉಳಿದಿತ್ತಂತೆ. ತುಳಿಯದೆ ಸತ್ತವರ ಹೆಸರು ಚರಿತ್ರೆಯಲ್ಲಿದೆ. ಈ ಬೆರಳುಗಳು ಯಾರವು, ಅವರ ಮನಸ್ಸಿನಲ್ಲಿ ಏನಿತ್ತು ಎಂಬುದು ಅವನ ಪ್ರಶ್ನೆ. ಹುತಾತ್ಮರನ್ನು ಬಿಟ್ಟು ಹೇಡಿಗಳ ಚರಿತ್ರೆ ಬರೆಯಹೊರಟ ಧೈರ್ಯ ಇದು.

ಐತಿಹಾಸಿಕ ಆಧಾರವೂ ಇದೆ. ಜೆಸುಯಿಟರ ಮುಖಂಡ ಕ್ರಿಸ್ತೊವಾಂವ್ ಫೆರೇರಾ 1633ರಲ್ಲಿ ಹೊಂಡದೊಳಗೆ ತಲೆಕೆಳಗಾಗಿ ತೂಗುಹಾಕುವ ಶಿಕ್ಷೆಯನ್ನು ತಾಳಲಾರದೆ ಮತ ಬಿಟ್ಟ. ಎಂಡೋವಿನ ನಾಯಕ ಸೆಬಾಸ್ತಿಯನ್ ರೊಡ್ರಿಗಸ್ ಅವನ ಶಿಷ್ಯ; ಗುರು ಹೀಗೆ ಮಾಡಿರಲಾರನೆಂಬ ನಂಬಿಕೆಯಿಂದ ಹುಡುಕಿಕೊಂಡು ಬರುತ್ತಾನೆ. ಅವನ ಮನಸ್ಸಿನ ತುಂಬ ಹುತಾತ್ಮರ ಕಾಂತಿಯುತ ಚಿತ್ರಗಳು. ಆದರೆ ಅವನ ಕಣ್ಣೆದುರಿಗೆ ಸಾಯುವವರು ಬಡ ರೈತರು. ಕಡಲಂಚಿನಲ್ಲಿ ಕಂಬಕ್ಕೆ ಕಟ್ಟಿಸಿಕೊಂಡ ಇಬ್ಬರು ಏರುವ ನೀರಿನಲ್ಲಿ ದಿನಗಟ್ಟಲೆ ನವೆದು ಸಾಯುತ್ತಾರೆ. ಕಡಲು ಎಂದಿನಂತೆ ಇರುತ್ತದೆ, ದೇವರು ಮಾತಾಡುವುದಿಲ್ಲ.

ಕೊನೆಗೆ ಅವನೂ ಸೆರೆಸಿಕ್ಕುತ್ತಾನೆ. ಆ ಇರುಳಿನ ದೃಶ್ಯವನ್ನು ಯಾವ ಓದುಗನೂ ಮರೆಯಲಾರ. ಕತ್ತಲ ಕೋಣೆಯಲ್ಲಿ ಸಾವಿಗೆ ಸಿದ್ಧನಾಗಿ ಕುಳಿತ ಅವನಿಗೆ ಹೊರಗೆ ಯಾರೋ ಗೊರಕೆ ಹೊಡೆಯುವುದು ಕೇಳುತ್ತದೆ. ತನ್ನ ಜೀವನದ ಮಹಾರಾತ್ರಿಯಲ್ಲಿ ಕಾವಲುಗಾರನೊಬ್ಬ ಹೊಟ್ಟೆತುಂಬ ಉಂಡು ಗೊರೆಯುತ್ತಿರುವನಲ್ಲ ಎಂದು ಅವನಿಗೆ ನಗು, ಆಮೇಲೆ ಸಿಟ್ಟು. ಆಗ ಗುರು ಫೆರೇರಾ ಬಂದು ಹೇಳುತ್ತಾನೆ: ಅದು ಗೊರಕೆಯಲ್ಲ, ಹೊಂಡದಲ್ಲಿ ತಲೆಕೆಳಗಾಗಿ ತೂಗುತ್ತಿರುವ ಕ್ರೈಸ್ತರ ನರಳಾಟ. ಅವರು ಆಗಲೇ ಮತ ಬಿಟ್ಟಾಗಿದೆ. ಪಾದ್ರಿ ಫಲಕವನ್ನು ತುಳಿದರಷ್ಟೇ ಅವರನ್ನು ಮೇಲಕ್ಕೆತ್ತುತ್ತಾರೆ. ಹುತಾತ್ಮನಾಗುವ ಅವನ ಆಸೆಯಲ್ಲಿ ಎಷ್ಟು ಅಹಂಕಾರವಿತ್ತೆಂದು ಈ ಒಂದು ತಪ್ಪುಗ್ರಹಿಕೆಯಿಂದಲೇ ಎಂಡೋ ತೋರಿಸಿಬಿಟ್ಟಿದ್ದಾನೆ. ತನ್ನ ಬಲದ ಮೇಲೆ ಕಣ್ಣಿಟ್ಟವನಿಗೆ ಇನ್ನೊಬ್ಬನ ನರಳಾಟ ಗೊರಕೆಯಾಗಿ ಕೇಳುತ್ತದೆ.

ಅವನು ತುಳಿಯುತ್ತಾನೆ. ಆ ಕ್ಷಣದಲ್ಲಿ, ಅನೇಕರ ಕಾಲು ಸವೆಸಿದ ಆ ಮುಖ ಮೌನ ಮುರಿಯುತ್ತದೆ. ಕನ್ನಡ ಓದುಗರು ಇಲ್ಲಿ ಒಂದು ಸಂಗತಿಯನ್ನು ತಿಳಿದಿರಬೇಕು. ನಮ್ಮ ಕೈಗೆ ಸಿಕ್ಕುವುದು ವಿಲಿಯಂ ಜಾನ್‌ಸ್ಟನ್‌ನ ಇಂಗ್ಲಿಷ್ ಅನುವಾದ (1969). ಅದರಲ್ಲಿ ಆ ಮುಖ ಆಡುವುದು ಆಜ್ಞೆಯಂತಿದೆ. ಮೂಲದ ಜಪಾನಿ ಕ್ರಿಯಾರೂಪ ಇದಕ್ಕಿಂತ ಮೆತ್ತಗಿನದೆಂದು ಬಲ್ಲವರು ತೋರಿಸಿದ್ದಾರೆ. ‘ಮಾಡು’ ಎನ್ನುವುದಕ್ಕೂ ‘ಮಾಡಬಹುದಪ್ಪ, ಚಿಂತೆಯಿಲ್ಲ’ ಎನ್ನುವುದಕ್ಕೂ ಇರುವ ಅಂತರ. ಮೊದಲನೆಯದಾದರೆ ದೇವರೇ ಪಾಪ ಮಾಡಿಸಿದಂತಾಯಿತು. ಎರಡನೆಯದಾದರೆ ಪಾಪದ ಹೊರೆಯಲ್ಲಿ ಪಾಲುಗೊಂಡಂತಾಯಿತು. ಕಾದಂಬರಿಯ ತತ್ತ್ವವೆಲ್ಲ ಒಂದು ಕ್ರಿಯಾಪದದ ಅರ್ಥದ ಮೇಲೆ ನಿಂತಿದೆ. ವ್ಯಾಕರಣ ಕಲಿಸುವಾಗ ಹುಡುಗರು ಆಕಳಿಸಿದರೆ ನನಗೆ ಈ ಪುಟ ನೆನಪಾಗುತ್ತದೆ.

ತುಳಿದ ಹೊತ್ತಿಗೆ ಬೆಳಗಾಗಿ ದೂರದಲ್ಲಿ ಕೋಳಿ ಕೂಗುತ್ತದೆ. ಯೇಸುವನ್ನು ಅರಿಯೆನೆಂದ ಪೇತ್ರನ ನೆನಪನ್ನು ಎಂಡೋ ಹೀಗೆ ತರುವುದರಿಂದ, ತುಳಿದದ್ದು ದ್ರೋಹವೇ ಅಲ್ಲವೆಂದು ಹೇಳಲು ಬರುವುದಿಲ್ಲ. ದಯೆಯಿಂದ ಮಾಡಿದ್ದು, ಆದ್ದರಿಂದ ಸರಿ ಎಂದು ಲೆಕ್ಕ ಚುಕ್ತಾ ಮಾಡುವ ವಿಮರ್ಶಕರೊಂದಿಗೆ ನನ್ನ ಸಮ್ಮತಿಯಿಲ್ಲ. ಅದು ದ್ರೋಹವೂ ಹೌದು, ಪ್ರೀತಿಯೂ ಹೌದು. ಅಧಿಕಾರಿಗಳು ಗೆದ್ದದ್ದು ಸುಳ್ಳಲ್ಲ, ರೈತರು ಬದುಕಿದ್ದೂ ಸುಳ್ಳಲ್ಲ. ಜಪಾನಿನ ಕೆಲವು ಕ್ರೈಸ್ತರು ಈ ಪುಸ್ತಕದ ಮೇಲೆ ಮುನಿದದ್ದು ನನಗೆ ಅರ್ಥವಾಗುತ್ತದೆ. ನೀರಿನಲ್ಲಿ ನಿಂತು ಸತ್ತ ರೈತರ ಬಲಕ್ಕೆ ಇಲ್ಲಿ ಯಾವ ಬೆಲೆ ಎಂಬ ಅವರ ಪ್ರಶ್ನೆಯನ್ನು ಕಾದಂಬರಿ ಪೂರ್ತಿಯಾಗಿ ತೀರಿಸಿಲ್ಲ. ಬಲಹೀನತೆಯನ್ನು ಬೋಧಿಸುವ ಮತ ಬಲಹೀನರನ್ನು ಹಾಗೆಯೇ ಉಳಿಸುತ್ತದೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ನೀಚೆ ಗುಡುಗಿದ್ದ. ಅವನಿಗೆ ಉತ್ತರವೆಂದು ‘ಮೌನ’ವನ್ನು ಮುಂದೆ ಹಿಡಿಯುವುದು ಕಷ್ಟ. ಇದರಲ್ಲಿ ಯಾರೂ ಗೆದ್ದು ಎದ್ದುನಿಲ್ಲುವುದಿಲ್ಲ.

ಎಂಡೋವಿನ ತಂತ್ರವನ್ನು ನೋಡಿದರೆ ಇದು ಬೇಕೆಂದೇ ಮಾಡಿದ್ದೆಂದು ತಿಳಿಯುತ್ತದೆ. ಮೊದಲ ಅಧ್ಯಾಯಗಳು ರೊಡ್ರಿಗಸ್ ತಾನೇ ಬರೆದ ಪತ್ರಗಳು. ‘ನಾನು’ ಎಂಬುದು ಅಲ್ಲಿ ಧಾರಾಳ. ನಡುವೆ ಕಥೆಗಾರ ಅವನನ್ನು ‘ಅವನು’ ಎನ್ನತೊಡಗುತ್ತಾನೆ. ಕೊನೆಗೆ ಉಳಿಯುವುದು ಡಚ್ ವ್ಯಾಪಾರಿ ಗುಮಾಸ್ತನ ದಿನಚರಿ, ಕ್ರೈಸ್ತರನ್ನು ಕೂಡಿಟ್ಟ ಮನೆಯ ಅಧಿಕಾರಿಯೊಬ್ಬನ ದಫ್ತರ. ಅದರಲ್ಲಿ ಅವನಿಗೆ ಹೆಸರೂ ಉಳಿದಿಲ್ಲ. ಸತ್ತ ಜಪಾನಿಯೊಬ್ಬನ ಹೆಸರು, ಅವನ ಹೆಂಡತಿ, ಸರ್ಕಾರದ ಅನ್ನ. ಮತವನ್ನು ನಿರಾಕರಿಸಿ ಮತ್ತೊಮ್ಮೆ ಬರೆದುಕೊಟ್ಟನೆಂದು ಒಣ ಭಾಷೆಯಲ್ಲಿ ದಾಖಲಾಗಿದೆ. ಮತ್ತೊಮ್ಮೆ ಏಕೆ ಬರೆಸಿದರು? ಓದುಗ ಊಹಿಸಬೇಕು. 2016ರಲ್ಲಿ ಮಾರ್ಟಿನ್ ಸ್ಕೋರ್ಸೆಸೆ ಮಾಡಿದ ಚಲನಚಿತ್ರದಲ್ಲಿ ಸತ್ತವನ ಕೈಯಲ್ಲಿ ಪುಟ್ಟ ಶಿಲುಬೆಯೊಂದನ್ನು ತೋರಿಸುತ್ತಾರೆ. ಚಿತ್ರ ಚೆನ್ನಾಗಿದೆ, ಆದರೆ ಎಂಡೋ ಮುಚ್ಚಿಟ್ಟದ್ದನ್ನು ಹೀಗೆ ತೆರೆದು ತೋರಿಸಿದ್ದು ಪ್ರೇಕ್ಷಕನ ಮೇಲಿನ ಅಪನಂಬಿಕೆಯೆಂದೇ ನಾನು ಹೇಳುತ್ತೇನೆ.

ಕಿಚಿಜಿರೋವಿನ ವಿಷಯ ಹೇಳದೆ ಮುಗಿಸುವಂತಿಲ್ಲ. ರೊಡ್ರಿಗಸನನ್ನು ಹಣಕ್ಕೆ ಹಿಡಿದುಕೊಟ್ಟವನು ಅವನೇ. ಕೊಳಕ, ಕುಡುಕ, ಎಷ್ಟು ಸಲ ಫಲಕ ತುಳಿದನೋ ಅಷ್ಟೇ ಸಲ ಬಂದು ಪಾಪ ಕ್ಷಮಿಸೆಂದು ಬಾಗಿಲಲ್ಲಿ ಅಳುವವನು. ಒಳ್ಳೆಯ ಕಾಲದಲ್ಲಿ ಹುಟ್ಟಿದ್ದರೆ ನಾನೂ ಒಳ್ಳೆಯ ಕ್ರೈಸ್ತನಾಗಿ ಬದುಕುತ್ತಿದ್ದೆನೆಂಬ ಅವನ ಅಳಲಿಗೆ ಪಾದ್ರಿಯ ಬಳಿ ಉತ್ತರವಿರಲಿಲ್ಲ. ಪುಸ್ತಕದ ಬಹುಭಾಗ ಅವನನ್ನು ಕಂಡರೆ ನಮಗೂ ಪಾದ್ರಿಗೂ ಹೇಸಿಗೆ. ತಾನೂ ತುಳಿದು ಬಂದ ಮೇಲೆಯೇ ರೊಡ್ರಿಗಸ್ ಹೇಸಿಗೆಯಿಲ್ಲದೆ ಅವನ ಪಾಪನಿವೇದನೆಯನ್ನು ಕೇಳಬಲ್ಲವನಾದದ್ದು. ಆಮೇಲೆ ಅವನು ಅದೇ ಮನೆಯಲ್ಲಿ ಆಳಾಗಿ ಉಳಿಯುತ್ತಾನೆ. ಕಡೆಯ ದಫ್ತರಿನಲ್ಲಿ ಅವನ ಹೆಸರು ಒಂದು ಕಡೆ ಕಾಣಿಸುತ್ತದೆ: ಝಡತಿ ಮಾಡಿದಾಗ ಅವನ ಕೊರಳಿನ ತಾಯಿತದ ಚೀಲದಲ್ಲಿ ನಿಷಿದ್ಧವಾದ ಕ್ರೈಸ್ತ ಚಿತ್ರವೊಂದು ಸಿಕ್ಕಿತಂತೆ. ಎಲ್ಲಿಂದ ಬಂತೆಂದು ವಿಚಾರಣೆ ನಡೆಯಿತು. ಮುಂದಿನ ಸಾಲುಗಳಲ್ಲಿ ಅಧಿಕಾರಿ ಕಾವಲಿನವರ ಪಾಳಿಯ ವಿವರ ಬರೆದುಕೊಂಡಿದ್ದಾನೆ.